ಅಹಲ್ಯಾ ಬರುವ ಹೊತ್ತು

ಲೈಟ್ ಆರಿಸಿದ್ದೀರಲ್ಲ, ಹಾಗೇ ಇರಲಿ. ಇದು ಯಾರಿಗೋ ಎಲ್ಲೋ ಆದದ್ದಲ್ಲ, ನಮ್ಮ ದೊಡ್ಡಪ್ಪನ ಮಗಳು ಕುಮುದಾಗೆ ಆದದ್ದು. 2015ರ ಚಳಿಗಾಲ, ಅಮೆರಿಕದ ಹೂಸ್ಟನ್ ಪಕ್ಕದ ಕೇಟಿ ಅನ್ನುವ ಊರು.

ಆವತ್ತು ಅದೇ ಬಡಾವಣೆಯ ವಿಜಯಮ್ಮ ಆಂಟಿ ಮನೆಯಲ್ಲಿ ಊಟ ಮುಗಿಸಿ ಮೂವರೂ ನಡೆದು ಬರುತ್ತಿದ್ದರು. ಮುಂದೆ ಪುಟ್ಟ ದಿಯಾ, ಹಿಂದೆ ಕುಮುದಾ, ಅವಳ ಪಕ್ಕದಲ್ಲಿ ದಿಯಾಳ ಅಪ್ಪ ಪ್ರಭಂಜನ. ಬಡಾವಣೆಯ ಕೊಳ, ಅದರ ದಡದಲ್ಲಿ ದೊಡ್ಡ ಓಕ್ ಮರ. ಯಾರದೋ ಹುಲ್ಲಿಗೆ ನೀರು ಹೊಡೆಯುವ ಸದ್ದು... ಚಿಕ್, ಚಿಕ್, ಚಿಕ್.

"ಕುಮುದಾ ಅವರೇ..." ಪ್ರಭಂಜನ ಪಿಸುಗುಟ್ಟಿದ. "ಇಲ್ಲೇ ಇದ್ದುಬಿಡಿ. ಕೆಲಸಕ್ಕಲ್ಲ."

ಕುಮುದಾ ಆ ಮನೆಗೆ ಬಂದದ್ದು ಕೆಲಸಕ್ಕೇ. ಡಲ್ಲಾಸ್ ಕಡೆಯ ಲಿಟಲ್ ಎಲ್ಮ್‌ನಲ್ಲಿ ಗಂಡನ ಮನೆ ಮುಗಿದ ಮೇಲೆ ಆಸ್ಟಿನ್‌ನ ಅಕ್ಕನ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು. ಅಕ್ಕನೇ ಈ ಕೆಲಸ ಹುಡುಕಿದಳು. ಹೆಂಡತಿ ತೀರಿಕೊಂಡ ಎಂಜಿನಿಯರ್, ಅವನ ಮನೆಯಲ್ಲೇ ಇದ್ದು ಮಗಳನ್ನು ನೋಡಿಕೊಂಡು ಪಾಠ ಹೇಳಿಕೊಡಬೇಕು. ಆಸಾಮಿ ತೈಲ ಕಂಪನಿಗಳ ಎನರ್ಜಿ ಕಾರಿಡಾರ್‌ನ ಆಫೀಸಿನಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುವವನು. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ! ಆದರೆ ಕುಮುದಾ ಒಂದು ರಾತ್ರಿ ಕೆಮ್ಮಿದರೆ ಬೆಳಿಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ಜೇನು, ಕಾಳುಮೆಣಸು ಬಂದು ಕೂತಿರುತ್ತಿದ್ದವು. ಅಷ್ಟಕ್ಕೇ ಅವಳ ಮನಸ್ಸು ಅವನ ಕಡೆ ವಾಲಿತ್ತು. ತನ್ನದು ಅನ್ನುವ ಮನೆ ಒಂದು ಬೇಕು ಎಂಬ ಆಸೆ ಅವಳಲ್ಲಿ ಇನ್ನೂ ಉಳಿದಿತ್ತು.

"ಇರ್ತೀನಿ. ಆದ್ರೆ... ಅವರು?" ಎಂದಳು.

ಪ್ರಭಂಜನ ನಿಂತುಬಿಟ್ಟ. "ನಿಮಗೂ ಕೇಳ್ಸುತ್ತಾ?"

ಕೇಳದೆ ಏನು? ದಿನವೂ ದೀಪ ಹಚ್ಚುವ ಹೊತ್ತಿಗೆ ಗರಾಜಿನ ಬಾಗಿಲು ಮೇಲೇಳುತ್ತಿತ್ತು. ಗರ್... ಗರ್... ಗರ್... ಧಡ್. ಆಮೇಲೆ ಅಡುಗೆಮನೆ ಕಟ್ಟೆಯ ಕಲ್ಲಿನ ಮೇಲೆ ಕೀಲಿಗೊಂಚಲು ಬಿದ್ದ ಸದ್ದು, ಛಿಲ್. ಹೋಗಿ ನೋಡಿದರೆ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತಿತ್ತು.

"ನಂದೇ ತಪ್ಪು," ಎಂದ. "ಅವಳ ಶವದ ಪೆಟ್ಟಿಗೆ ಬೆಂಕಿಗೆ ತಳ್ಳೋವಾಗ... ಬಾಯಿ ತಪ್ಪಿ 'ಹೋಗಿ ಬಾ ಅಹಲ್ಯಾ' ಅಂದುಬಿಟ್ಟೆ. ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ ಹೇಳ್ತಿದ್ದ ಮಾತು."

ನೋಡಿ, ಸಾವಿನ ಮನೆಯಿಂದ ಏಳುವಾಗ ನಾವು 'ಬರ್ತೀವಿ' ಅಂತ ಕೂಡ ಅನ್ನುವುದಿಲ್ಲ, ಸುಮ್ಮನೆ ಎದ್ದು ನಡೆಯುತ್ತೇವೆ. ಈ ಪುಣ್ಯಾತ್ಮ ಸತ್ತವಳಿಗೇ ಬಾ ಅಂದಿದ್ದ. ಅವಳು ಬಂದಳು.

"ಅವರನ್ನ ಕಳಿಸಿಕೊಡಿ," ಎಂದಳು ಕುಮುದಾ. "ಆಮೇಲೆ ನನ್ನ ಕೇಳಿ."

ಮರುದಿನ ಮುಸ್ಸಂಜೆ ಪ್ರಭಂಜನ ಗರಾಜಿಗೆ ಹೋಗುವ ಬಾಗಿಲಲ್ಲಿ ನಿಂತ. ಗರ್... ಗರ್... ಗರ್... ಧಡ್.

"ಅಹಲ್ಯಾ... ಹೋಗು. ಇನ್ನು ಬರಬೇಡ."

ಕೀಲಿಯ ಸದ್ದು ಬರಲಿಲ್ಲ. ಪ್ರಭಂಜನ ಚಪ್ಪಲಿಗಳ ನಡುವೆ ಕುಸಿದು ಕೂತು ಅತ್ತ. ಕುಮುದಾಗೆ ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ಒಲೆಯ ಮೇಲಿದ್ದ ಸಾರು ಇಳಿಸಿದಳು.

ಮಾರನೆಯ ಸಂಜೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ದಿಯಾ ಗರಾಜಿನ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು.

"ಒಳಗೆ ಬಾ ಪುಟ್ಟಾ, ಚಳಿ."

"ಅಮ್ಮ ಡಿಡಂಟ್ ಕಮ್, ಆಂಟಿ." ಹುಡುಗಿಯ ದನಿ ಸಣ್ಣಗಿತ್ತು. "ಈಸ್ ಶೀ ಮ್ಯಾಡ್ ಅಟ್ ಮಿ?"

ಮಗು ಅಷ್ಟು ದಿನ ಮಹಡಿಯಲ್ಲಿ ಒಂಟಿಯಾಗಿ ಕೂತು ಆ ಸದ್ದಿಗೇ ಕಾಯುತ್ತಿತ್ತು, ಇಬ್ಬರು ದೊಡ್ಡವರಿಗೂ ಗೊತ್ತಿರಲಿಲ್ಲ! ಆ ರಾತ್ರಿ ದಿಯಾ ಊಟ ಮಾಡಲಿಲ್ಲ. ಮರುದಿನವೂ ಅಲ್ಲೇ ಹೋಗಿ ಕೂತಳು.

ಕುಮುದಾ ನೋಡುತ್ತಾ ನಿಂತಳು. ಅವಳಿಗೂ ಒಂದು ದಿನ ಗಂಡ ಬಾಗಿಲಲ್ಲಿ ನಿಂತು ಹೋಗು ಅಂದಿದ್ದ. ಅಹಲ್ಯಾಳನ್ನು ಮತ್ತೆ ಕರೆದರೆ ಈ ಮನೆ ಎಂದೂ ಪೂರ್ತಿ ತನ್ನದಾಗುವುದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಕೈ ಮಾತ್ರ ತಾನಾಗಿ ಹೋಗಿ ಗರಾಜಿನ ಸ್ವಿಚ್ ಒತ್ತಿತು. ಬಾಗಿಲು ಎದ್ದಿತು. ಆಚೆ ಖಾಲಿ ರಸ್ತೆ, ಎದುರು ಮನೆಯ ಕ್ರಿಸ್‌ಮಸ್ ದೀಪ.

"ಅಹಲ್ಯಾ ಅವರೇ..." ಎಂದಳು ಮೆಲ್ಲಗೆ. "ಬನ್ನಿ."

ಹಿಂದಿನಿಂದ ಪ್ರಭಂಜನನ ದನಿ. "ಏನ್ ಮಾಡಿಬಿಟ್ರಿ?"

"ಮಗು ಕಾಯ್ತಿದೆ." ಅವಳು ತಿರುಗಲಿಲ್ಲ. "ಇರಲಿ ಬಿಡಿ. ಮನೆ ದೊಡ್ಡದಿದೆ."

ಒಳಗೆ ಕಟ್ಟೆಯ ಮೇಲೆ... ಛಿಲ್. ದಿಯಾ ಎದ್ದು ಓಡಿದಳು.

ಅವರಿಬ್ಬರ ಮದುವೆ ಯುಗಾದಿ ಕಳೆದ ಮೇಲೆ ಅಲ್ಲಿಯ ದೇವಸ್ಥಾನದಲ್ಲೇ ಆಯಿತು. ನಾನೂ ಹೋಗಿದ್ದೆ. ಸೀರೆ, ಸರ, ಗಡಿಬಿಡಿಯಲ್ಲಿ ದಿಯಾಳ ತಲೆ ಬಾಚುವುದು ಎಲ್ಲರಿಗೂ ಮರೆತೇ ಹೋಗಿತ್ತು. ಮನೆಯಿಂದ ದೇವಸ್ಥಾನಕ್ಕೆ ಹೊರಡುವ ಹೊತ್ತಿಗೆ ಹುಡುಗಿ ಮಹಡಿ ಇಳಿದು ಬಂದಳು. ಬೆನ್ನ ಮೇಲೆ ನಾಲ್ಕೆಳೆಯ ಜಡೆ, ತುದಿಯವರೆಗೂ ಸಮವಾಗಿ ಹೆಣೆದದ್ದು. ಕುಮುದಾಗೆ ಮೂರೆಳೆ ಬಿಟ್ಟರೆ ಬರುವುದಿಲ್ಲ. ವಿಜಯಮ್ಮ ಆಂಟಿ ಅಲ್ಲ, ನಾನಲ್ಲ, ಮಹಡಿಗೆ ಯಾರೂ ಹತ್ತಿಯೇ ಇರಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು... ನಾನೇ ಕೈಯಾರೆ ಮುಟ್ಟಿ ನೋಡಿದೆ. ಜಡೆ ಬಿಗಿಯಾಗಿತ್ತು, ಎಣ್ಣೆ ಇನ್ನೂ ಬೆಚ್ಚಗಿತ್ತು.