‘ಬೇಡ’ ಅನ್ನೋ ಪಾಠ

ವೇದಿಕೆಯ ಮೇಲಿರುವ ಮಠದ ಪೂಜ್ಯರಿಗೆ ಶರಣು. ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮ ಸಂಗಮೇಶ್ ಸಾರ್ ಅವರ ತಾಯಿ ಸರ್ವಮಂಗಳಮ್ಮನವರೇ, ಅವರ ಪತ್ನಿ ಮಧುಶ್ರೀ, ಗುಬ್ಬಿಯಿಂದ, ಕುಣಿಗಲ್‌ನಿಂದ ಈ ಬಿಸಿಲಲ್ಲಿ ಬಸ್ಸು ಹತ್ತಿ ಬಂದಿರುವ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ದಯವಿಟ್ಟು ಕೂತ್ಕೊಳ್ಳಿ, ಕುರ್ಚಿ ಖಾಲಿ ಇದೆ. ನಾನೂ ಈ ಮೇಜಿಗೆ ಒಂದು ಕೈ ಊರ್ಕೊಂಡೇ ಮಾತಾಡ್ತೀನಿ. ಸುಸ್ತಾಗಿದೆ. ಸಂಗಮೇಶ್ ಸಾರ್ ಲಿಂಗೈಕ್ಯರಾದಾಗಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ನಾನು ಕೋಮಲಾ. ಇಲ್ಲೇ ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತೀನಿ. ಕನ್ನಡದ ಮೂಲಕ ಚೀನೀ ಭಾಷೆ ಕಲಿಸೋ ನೀಲಿ ರಟ್ಟಿನ ಪುಸ್ತಕ ನಿಮ್ಮಲ್ಲಿ ಎಷ್ಟೋ ಜನರ ಹತ್ರ ಇದೆ. ಅದರ ಮೇಲೆ ಎರಡು ಹೆಸರಿದೆ. ಮೊದಲನೆಯದು ಅವರದು, ಎರಡನೆಯದು ನಂದು. ಚೀನೀ ಅವರದು, ಕನ್ನಡ ನಂದು — ಜಗಳ ಮಾತ್ರ ಇಬ್ಬರದೂ.

ತುಮಕೂರಲ್ಲಿ ಯಾಕಪ್ಪಾ ಚೀನೀ ಭಾಷೆ ಅಂತ ಕೇಳೋರು ಈಗಲೂ ಇದ್ದಾರೆ. ಸಾರ್ ಒಬ್ಬ ಗ್ರಾನೈಟ್ ವ್ಯಾಪಾರಿ ಕಡೆಯಿಂದ ಚೀನಾಕ್ಕೆ ಹೋಗಿ, ಅಲ್ಲಿನ ಬಂದರಿನ ಊರೊಂದರಲ್ಲಿ ಕೆಲವು ವರ್ಷ ಇದ್ದು, ಭಾಷೆ ಕಲಿತು ವಾಪಸ್ ಬಂದೋರು. ಬರೋ ಹೊತ್ತಿಗೆ ಇಲ್ಲಿನ ಫ್ಯಾಕ್ಟರಿಗಳಿಗೆ ಚೀನಾದಿಂದ ಮೆಷಿನ್ ಬರ್ತಿತ್ತು, ಹಿಂದೆಯೇ ಅದನ್ನ ಜೋಡಿಸೋಕೆ ಇಂಜಿನಿಯರ್‌ಗಳೂ ಬರ್ತಿದ್ರು. ನಮ್ಮ ಐಟಿಐ ಹುಡುಗರು ಅವರ ಮುಂದೆ ಕೈಸನ್ನೆ ಮಾಡಿ ಮಾಡಿ ಸಾಕಾಗಿದ್ರು. ಸಾರ್ ಶಿರಾ ಗೇಟ್ ಹತ್ರ, ಟೈರ್ ಅಂಗಡಿ ಮೇಲಿನ ರೂಮಲ್ಲಿ ಕ್ಲಾಸ್ ಶುರು ಮಾಡಿದ್ರು. ಇಂಗ್ಲಿಷಿನಲ್ಲಿರೋ ಪುಸ್ತಕ ಆ ಹುಡುಗರ ತಲೆಗೆ ಹತ್ತಲಿಲ್ಲ. ಹಾಗಾಗಿ ನಾವು ಕನ್ನಡದಲ್ಲೇ ಬರೆಯೋಕೆ ಕೂತ್ವಿ.

ಚೀನೀ ಭಾಷೆಯಲ್ಲಿ ದನಿಯ ಏರಿಳಿತ ಬದಲಾದ್ರೆ ಅರ್ಥವೇ ಬದಲಾಗುತ್ತೆ. ನಾಲ್ಕು ಥರ ಏರಿಳಿತ. ಹುಡುಗರು ಅಲ್ಲೇ ಹೆದರಿ ಕ್ಲಾಸ್ ಬಿಡ್ತಿದ್ರು. ಸಾರ್ ಏನ್ ಮಾಡಿದ್ರು ಗೊತ್ತಾ — ಕುರ್ಚಿಯಲ್ಲಿ ಹೀಗೆ ಒರಗಿ ಕೂತು, ಬರೀ ‘ಹೂಂ’ ಅಂದ್ರು. ಕಥೆ ಕೇಳೋವಾಗ ಅನ್ನೋ ಹೂಂ. ಅನುಮಾನ ಬಂದಾಗ ಅನ್ನೋ ಹೂಂ. ಮನಸ್ಸಿಲ್ಲದೆ ಒಪ್ಕೊಳ್ಳೋ ಹೂಂ. ಸಿಟ್ಟಲ್ಲಿ ಅನ್ನೋ ಹೂಂ. ನಾಲ್ಕೂ ನಿಮಗೆ ಹುಟ್ಟಿದಾಗಿಂದ ಬರುತ್ತೆ ಕಣ್ರೋ, ಹೊಸದಾಗಿ ಕಲಿಯೋದೇನಿದೆ ಅಂತ ನಕ್ರು. ಅದೇ ನಮ್ಮ ಪುಸ್ತಕದ ಮೊದಲ ಪಾಠ ಆಯ್ತು. ಅವತ್ತು ಮಧುಶ್ರೀ ನನ್ನ ಕಿವೀಲಿ ಹೇಳಿದ್ರು, “ಮೇಡಂ, ಅವರಿಗೆ ಬರೋದೇ ಅದೊಂದು. ಯಾರೇನ್ ಕೇಳಿದ್ರೂ ಹೂಂ.”

ನಾವಿಬ್ಬರೂ ನಕ್ಕಿದ್ವಿ. ಈಗ ನಗು ಬರಲ್ಲ.

ಪುಸ್ತಕ ಅಚ್ಚಾಯ್ತು, ಪ್ರತಿಗಳೆಲ್ಲ ಖರ್ಚೂ ಆಯ್ತು. ಗುಬ್ಬಿ, ಕುಣಿಗಲ್‌ನಲ್ಲೂ ಸಾರ್ ಕ್ಲಾಸ್ ಶುರು ಮಾಡಿದ್ರು. ಒಂದಿನ ಸಿ.ಎಸ್. ಪುರದ ಅಶ್ವಥ್ ಬಂದ — ಅಗೋ, ಕಿಟಕಿ ಪಕ್ಕ ಕೂತಿದ್ದಾನೆ, ನಮ್ಮ ಮೊದಲ ಬ್ಯಾಚಿನವನು. ಮುಖ ಇಷ್ಟು ಸಣ್ಣ ಮಾಡ್ಕೊಂಡು ನಿಂತ. ಫ್ಯಾಕ್ಟರಿಯಲ್ಲಿ ಚೀನೀ ಇಂಜಿನಿಯರ್ ಪ್ರತಿ ಶನಿವಾರ ಬಂದು, ಭಾನುವಾರ ಕೆಲಸಕ್ಕೆ ಬರ್ತೀರಾ ಅಂತ ಕೇಳ್ತಾನಂತೆ. ನಮ್ಮ ಹುಡುಗರೆಲ್ಲ ಸಾಲಾಗಿ ನಿಂತು ‘ಹಾವ್, ಹಾವ್’ ಅಂತಾರಂತೆ — ಅಂದ್ರೆ ಆಯ್ತು, ಆಯ್ತು. ತುಮಕೂರಿನ ಹುಡುಗರು ಬಹಳ ಒಳ್ಳೆಯವರು ಅಂತ ಆ ಇಂಜಿನಿಯರ್‌ಗೆ ಖುಷಿಯೋ ಖುಷಿ. “ಸಾರ್, ಬೇಡ ಅನ್ನೋಕೆ ಏನನ್ಬೇಕು? ಪುಸ್ತಕ ಪೂರ್ತಿ ಹುಡುಕ್ದೆ, ಎಲ್ಲೂ ಇಲ್ಲ” ಅಂದ.

ಸಾರೂ ನಾನೂ ಪುಸ್ತಕ ತಿರುವಿ ಹಾಕಿದ್ವಿ. ‘ಅಲ್ಲ’ ಇತ್ತು, ‘ಗೊತ್ತಿಲ್ಲ’ ಇತ್ತು. ‘ಬೇಡ’ ಇಲ್ಲ. ‘ಬರೋಕಾಗಲ್ಲ’ ಇಲ್ಲ. ಬಸ್ ಸ್ಟ್ಯಾಂಡ್ ಪಾಠ, ಸಂತೆ ಪಾಠ, ಊಟದ ಪಾಠ, ಎಲ್ಲ ನಮ್ಮ ಕಡೆಯ ಮನೆಗಳನ್ನೇ ನೋಡಿ ಬರೆದಿದ್ವಿ. ನಮ್ಮ ಮನೆಗಳಲ್ಲಿ ಬೇಡ ಅಂದ್ರೂ ಬಡಿಸ್ತಾರೆ, ಹಾಕಿದ ಮೇಲೆ ತಿಂತೀವಿ. ಆ ಮಾತು ಬೇಕಾಗುತ್ತೆ ಅಂತ ನಮಗೆ ಹೊಳೆದೇ ಇರಲಿಲ್ಲ. ಸಾರ್ ತಲೆ ಕೆರ್ಕೊಂಡು, ಎರಡನೇ ಮುದ್ರಣಕ್ಕೆ ಒಂದು ಪಾಠ ಸೇರಿಸೋಣ ಅಂದ್ರು.

ಆ ಪಾಠ ಅವರಿಗೆ ಬರೆಯೋಕೆ ಆಗಲಿಲ್ಲ. ನಿಜ ಹೇಳ್ತೀನಿ, ಆಗಲೇ ಇಲ್ಲ. ಪಾಠದಲ್ಲಿ ಬೆಳ್ಳಾವಿಯ ಕದರಯ್ಯ ಅಂತ ಒಬ್ಬ, ಚೀನೀ ಇಂಜಿನಿಯರ್ ಮನೆಗೆ ಹೋಗಿರ್ತಾನೆ. ಹೊರಡೋಕೆ ಏಳಬೇಕು. ಮನೆಯವನು ಊಟ ಮಾಡ್ಕೊಂಡು ಹೋಗು ಅಂತಾನೆ. ಕದರಯ್ಯ ‘ಬು ಯಾವ್’ — ಬೇಡ — ಅಂದು ಹೋಗಬೇಕು, ಅಷ್ಟೇ. ಸಾರ್ ಎಷ್ಟು ಸಲ ಬರೆದ್ರೂ ಕದರಯ್ಯ ಬೇಡ ಅಂತಾನೆ, ಮನೆಯವನು ಕೈ ಹಿಡೀತಾನೆ, ಕದರಯ್ಯ ಮತ್ತೆ ಕೂತ್ಕೋತಾನೆ. ನನಗೆ ರೇಗಿಹೋಗ್ತಿತ್ತು.

“ಸಾರ್, ಆ ಮನುಷ್ಯನ್ನ ಹೋಗೋಕೆ ಬಿಡಿ” ಅಂದೆ.

“ಹೆಂಗೆ ಮೇಡಂ? ಊಟದ ಹೊತ್ನಲ್ಲಿ ಎದ್ದು ಹೋದ್ರೆ ಮನೆಯೋರಿಗೆ ಬೇಜಾರಾಗಲ್ವಾ?”

ಹೋದ ತಿಂಗಳು ಅವರಿಗೆ ಜ್ವರ. ಮಧುಶ್ರೀ ಹೋಗಬೇಡಿ ಅಂದ್ರು, ಅಮ್ಮನೂ ಹೇಳಿದ್ರು. ಕುಣಿಗಲ್‌ನಿಂದ ಫೋನ್ ಬಂತು — ಒಂದು ಕ್ಲಾಸ್ ಸಾರ್, ಒಂದೇ ಒಂದು. ಹೂಂ ಅಂದ್ರು. ಹೋದ್ರು, ಪಾಠ ಮಾಡಿದ್ರು, ವಾಪಸ್ ಬರೋಕೆ ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಕಲ್ಲು ಬೆಂಚಿನ ಮೇಲೆ ಕೂತ್ರು. ಎದೆ ಹಿಡ್ಕೊಂಡು ಅಲ್ಲೇ ಒರಗಿದ್ರು. ಬಸ್ಸು ಬಂದು ನಿಂತಿತ್ತಂತೆ.

ನನಗೆ ದುಃಖಕ್ಕಿಂತ ಸಿಟ್ಟು ಜಾಸ್ತಿ ಬರ್ತಿದೆ. ಕರೆದವರ ಮೇಲಲ್ಲ — ಕುಣಿಗಲ್ಲಿನ ಮಕ್ಕಳೇ, ಅಳಬೇಡಿ, ನಿಮ್ಮ ಮೇಲಲ್ಲ. ಜಗತ್ತಿಗೆಲ್ಲ ಮಾತು ಕಲಿಸಿ ತನಗೆ ಬೇಕಾದ ಒಂದು ಮಾತು ಕಲಿಯದೆ ಹೋದರಲ್ಲ, ಆ ಮನುಷ್ಯನ ಮೇಲೆ.

ಇವತ್ತು ಈ ಸಭೆ ಶುರುವಾಗೋ ಮುಂಚೆ, ಹೊರಗೆ ಟೀ ಕುಡೀತಿದ್ದಾಗ ಹಿರಿಯರು ಕೆಲವರು ಹತ್ರ ಬಂದ್ರು. ಪ್ರೀತಿಯಿಂದಲೇ ಬಂದ್ರು. ಮೇಡಂ, ಇನ್ಮೇಲೆ ಕುಣಿಗಲ್ ನೀವೇ, ಗುಬ್ಬಿನೂ ನೀವೇ, ಸಾರ್ ಹೆಸರು ಉಳಿಸಬೇಕು ಅಂದ್ರು. ಅವರ ಹತ್ರ ಕಲಿತ ಚೀನೀ ನನಗೂ ಪಾಠ ಮಾಡೋಷ್ಟು ಬರುತ್ತೆ, ಅದಕ್ಕೇ ಕೇಳಿದ್ರು. ನನ್ನ ತುಟಿಗೆ ‘ಹೂಂ’ ಬಂದಿತ್ತು. ಪಕ್ಕದಲ್ಲಿ ಮಧುಶ್ರೀ ನಿಂತಿದ್ರು. ನನ್ನ ಮುಖ ನೋಡಿದ್ರು, ಆ ಹೂಂ ಅಲ್ಲೇ ನುಂಗ್ಕೊಂಡೆ.

ಅದಕ್ಕೆ ಮೈಕಿನಲ್ಲೇ ಹೇಳ್ತೀನಿ, ಎಲ್ಲರಿಗೂ ಕೇಳಲಿ. ಶಿರಾ ಗೇಟಿನ ಕ್ಲಾಸ್ ನಾನು ನಡೆಸ್ತೀನಿ. ಕುಣಿಗಲ್, ಗುಬ್ಬಿ ನನ್ನ ಕೈಲಾಗಲ್ಲ. ಬು ಯಾವ್. ಅಶ್ವಥ್‌ಗೆ ಇಷ್ಟ ಇದ್ರೆ ಒಂದನ್ನ ತಗೊಳ್ಳಲಿ, ಇಲ್ಲದಿದ್ರೆ ಅವನೂ ಬೇಡ ಅನ್ನಲಿ. ಬೇಜಾರಾಗೋರಿಗೆ ಬೇಜಾರಾಗಲಿ. ಆ ಪಾಠವನ್ನ ಮಾತ್ರ ನಾನು ಮುಗಿಸ್ತೀನಿ. ಕದರಯ್ಯ ಇನ್ನೂ ಆ ಮನೇಲೇ ಕೂತಿದ್ದಾನೆ, ಅವನನ್ನ ಎಬ್ಬಿಸಿ ಮನೆಗೆ ಕಳಿಸ್ತೀನಿ.

ಇನ್ನು ಸಾರ್ —

ಸಾರ್ ಎದ್ದಿದ್ದಾರೆ. ಊಟದ ಹೊತ್ತಲ್ಲೇ ಎದ್ದು ಹೊರಟಿದ್ದಾರೆ, ಮೊದಲನೇ ಸಲ. ನಮ್ಮ ಕಡೆ ನೆಂಟರು ಎದ್ರೆ ಮನೆಯೋರೂ ಏಳ್ತೀವಿ. ಬಾಗಿಲ ತನಕ ಹೋಗಿ, ಇನ್ನೊಂದು ಗಳಿಗೆ ಇರಿ ಅಂತ ಕೈ ಹಿಡಿದು ಎಳೀತೀವಿ. ದಯವಿಟ್ಟು ಎಲ್ಲರೂ ಎದ್ದು ನಿಂತ್ಕೊಳ್ಳಿ. ಅಮ್ಮ, ನೀವು ಕೂತೇ ಇರಿ, ಪರವಾಗಿಲ್ಲ. ಇವತ್ತು ಕೈ ಹಿಡಿದು ಎಳೆಯದೆ, ಬಾಗಿಲ ತನಕ ಬಂದ ಹಾಗೆ ಸುಮ್ಮನೆ ನಿಲ್ಲೋಣ. ಎರಡು ನಿಮಿಷ ಯಾರೂ ಅವರನ್ನ ಏನೂ ಕೇಳೋದು ಬೇಡ.