ಗಡ್ಡೆಯೊಳಗಿನ ಕಾವಲುಗಾರರು

ನಿನ್ನೆ ಮಧ್ಯಾಹ್ನ ನಿಮ್ಮ ದಮಯಂತಿ ಟೀಚರ್ ಮದರಾಸಿನ ಆಸ್ಪತ್ರೆಯಲ್ಲಿ ಎದ್ದು ಕೂತು ಗಂಜಿ ಕುಡಿದರು. ಮೆದುಳಿನ ಗಡ್ಡೆ ತೆಗೆದು ಅದು ಆರನೆಯ ದಿನ. ಹಾಗೆಂದು ತಂತಿ ಕಳಿಸಿದವರು ಅವರ ಗಂಡ, ನನ್ನ ಸಹಪಾಠಿ ಪೂವಯ್ಯ.

ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಸುಂಟಿಕೊಪ್ಪದ ಮಹನೀಯರೇ, ಮಕ್ಕಳೇ, ಸುದ್ದಿ ಮೊದಲು ಹೇಳಿ ನಿಮ್ಮನ್ನು ಆಮೇಲೆ ಕರೆದದ್ದಕ್ಕೆ ಕ್ಷಮೆಯಿರಲಿ.

ರೋಗ ಪತ್ತೆ ಮಾಡಿದ ಡಾಕ್ಟರು ಎಂದು ಈಗ ನನಗೆ ಶಾಲು ಹೊದಿಸಿದಿರಿ. ಪತ್ತೆ ಮಾಡಿದ್ದು ನಾನೇ. ಆದರೆ ಎರಡನೆಯ ಸಲ. ಮೊದಲ ಸಲ ಏನು ಮಾಡಿದೆ?

ಟೀಚರ ತಲೆಯಿಂದ ಪರೀಕ್ಷೆಗೆಂದು ಮೊದಲು ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತುಂಬ ಬಿಳಿ ರಕ್ತಕಣಗಳು. ಅವು ನಮ್ಮ ಮೈಯ ಕಾವಲುಗಾರರು; ಸೋಂಕು ಇದ್ದಲ್ಲಿ ಸೇರುತ್ತವೆ. 'ಸೋಂಕಿನ ಗಂಟು' ಎಂದು ಬರೆದೆ. ಸೋಂಕಾದರೆ ಔಷಧಿಗೆ ವಾಸಿ. ಪೂವಯ್ಯ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಒಳ್ಳೆಯ ಸುದ್ದಿ ಹೇಳುವ ಆತುರ ನನಗಿತ್ತು. ಹದಿನೆಂಟು ದಿನ ಪೆನಿಸಿಲಿನ್ ಕೊಟ್ಟರು. ಅಷ್ಟರಲ್ಲಿ ಟೀಚರಿಗೆ ಸೀಮೆಸುಣ್ಣ ಹಿಡಿಯುವ ಕೈ ಸೋತಿತು.

ಆಗ ಪೂವಯ್ಯನ ತಾಯಿ ತಂಗಮ್ಮನವರು ಬಂದರು. ನಾನು ಕಾವಲುಗಾರರ ಕಥೆ ಹೇಳಿದೆ. ಅವರು ಕಾಫಿ ಒಣಗಿಸುವ ಕಣ ನೋಡಿಕೊಂಡವರು. "ಅಲ್ಲ ಕೂಸಪ್ಪ, ಕಣಲಿ ಕಾವಲಿನವರು ಎಲ್ಲ ಒಂದೇ ರಾಶಿ ಸುತ್ತ ಕೂತರೆ ನಾ ಆ ರಾಶಿನೇ ಮೊದ್ಲು ಕೆದಕಿ ನೋಡುದು. ಒಳಗೆ ಎಂಥದೋ ಉಂಟು. ನೀ ಕಾವಲಿನವರ ಮುಖ ನೋಡಿಯೇ ಬಂದಿಯಲ್ಲ ಮಗಾ?"

ಹೋಗಿ ಉಳಿದ ಚೂರನ್ನು ಹೊಸದಾಗಿ ಕೊಯ್ದು ನೋಡಿದೆ. ಬಿಳಿ ಕಣಗಳ ನಡುವೆಯೇ ಗಡ್ಡೆಯ ಕೋಶಗಳು ಇದ್ದವು. ಕಾವಲುಗಾರರ ಕಣ್ಣೆದುರೇ ಬೆಳೆಯುತ್ತಿದ್ದವು. ಅಂದೇ ತಪ್ಪೊಪ್ಪಿ ಬರೆದೆ. ಮರುದಿನವೇ ಅವರನ್ನು ಮದರಾಸಿಗೆ ಕಳಿಸಿದೆವು.

ಆ ಕಣಗಳು ಕಾದಾಡಿ ಸೋತವೇ, ಸುಮ್ಮನೆ ಕೂತವೇ, ಗಡ್ಡೆಗೇ ನೆರವಾದವೇ? ನನಗೆ ಗೊತ್ತಿಲ್ಲ. ನಮ್ಮ ಪುಸ್ತಕಗಳಲ್ಲೂ ಇಲ್ಲ. ಆದರೆ ತಿಳಿಯುವ ಕಾಲ ಬರುತ್ತದೆ. ಅವನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಔಷಧಿಯೂ ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳಲ್ಲಿ ಯಾರಾದರೂ ಅದನ್ನು ಕಂಡುಹಿಡಿದರೆ, ದಯವಿಟ್ಟು ಆತುರದಲ್ಲಿ ವರದಿ ಬರೆಯಬೇಡಿ.

ಈ ಶಾಲು ತಂಗಮ್ಮನವರದು. ಅವರು ಬೇಡವೆಂದು ಕೈಯಾಡಿಸುತ್ತಿದ್ದಾರೆ. ಇಳಿದು ಬಂದು ನಾನೇ ಹೊದಿಸುತ್ತೇನೆ. ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.

ಅಂದಹಾಗೆ, ಗಡ್ಡೆ ಮತ್ತೆ ಬೆಳೆಯದಂತೆ ದಮಯಂತಿ ಟೀಚರಿಗೆ ಮೊದಲ ಕಿರಣ ಚಿಕಿತ್ಸೆ ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.