ಕೊಕ್ಕೆ ಬಿಚ್ಚಿದ ಸಿಂಹಾಸನ

ಅಧ್ಯಕ್ಷರಾದ ಪುಟ್ಟಸ್ವಾಮಿಯವರೇ, ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿರುವ ಅತಿಥಿಗಳೇ, ಶುಗರ್ ಲ್ಯಾಂಡ್ ಕನ್ನಡ ಬಳಗದ ಸಭಿಕರೇ,

ಇಂದು ಸನ್ಮಾನಗೊಳ್ಳುತ್ತಿರುವ ನೀಲಕಂಠಪ್ಪನವರು ಬಳಗದ ಪುಸ್ತಕ ಭಂಡಾರವನ್ನು ಕಟ್ಟಿ ಬೆಳೆಸಿದವರು. ನಾನು ಅವರ ಮಗಳು ವಿಜಯಾ. ಅವರು ಕುಳಿತಿರುವ ಕುರ್ಚಿ ನನ್ನ ಅಂಗಡಿಯದು. ಇಂಗ್ಲೆಂಡಿನ ಹಳೆಯ ಪೀಠೋಪಕರಣಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಯಾವುದೋ ಜಮೀನ್ದಾರನ ಬಂಗಲೆಯ ಲೈಬ್ರರಿಗೆಂದು ಮಾಡಿದ ಕುರ್ಚಿ ಇದು. ಕೂತರೆ ಕುರ್ಚಿ, ಬೆನ್ನನ್ನು ಮುಂದಕ್ಕೆ ಮಗುಚಿದರೆ, ಎತ್ತರದ ಕಪಾಟಿನಿಂದ ಪುಸ್ತಕ ತೆಗೆಯಲು ಮೆಟ್ಟಿಲು. ಒಂದೇ ಸಾಮಾನಿನಲ್ಲಿ ಎರಡು ಕೆಲಸ! ಜಿಪುಣತನವೇನು ನಮ್ಮವರಿಗಷ್ಟೇ ಮೀಸಲೇ?

ನಗಿ, ನಗುತ್ತಲೇ ಇರಿ. ಆದರೆ ದಯವಿಟ್ಟು ಚಪ್ಪಾಳೆ ಮಾತ್ರ ತಟ್ಟಬೇಡಿ.

ಏಕೆಂದರೆ ಆ ಕುರ್ಚಿ ಮಗುಚದಂತೆ ಹಿಡಿದಿಡುವುದು ಪಕ್ಕದ ಒಂದು ಹಿತ್ತಾಳೆ ಕೊಕ್ಕೆ. ಸನ್ಮಾನವೆಂದರೆ ಸಿಂಹಾಸನ ಬೇಕು, ಸಿಂಹಾಸನವೆಂದರೆ ಜರಿ ಸೀರೆ ಹೊದಿಸಬೇಕು, ಅಲ್ಲವೇ? ಈಗ ಮೈಕ್ ಕೊಡುವಾಗ ನಮ್ಮ ಕಾರ್ಯದರ್ಶಿ ಶಮಂತ್ ಹೆಮ್ಮೆಯಿಂದ ಹೇಳಿದ: "ಆಂಟಿ, ಆ ಕೊಕ್ಕೆ ಸೀರೆಗೆ ಸಿಕ್ಕಾಕೊಳ್ತಿತ್ತು, ಬಿಚ್ಚಿಬಿಟ್ಟೆ." ಅಗೋ, ನೇತಾಡುತ್ತಿದೆ.

ಅಪ್ಪ ಕೈ ಊರಿ ಮುಂದಕ್ಕೆ ಬಾಗಿ ಎದ್ದರೆ ಕುರ್ಚಿ ಅವರನ್ನೂ ಕೆಡವಿಕೊಂಡು ಮಗುಚುತ್ತದೆ. ಸೊಂಟದ ಆಪರೇಷನ್ ಆಗಿ ಇನ್ನೂ ವರ್ಷವಾಗಿಲ್ಲ. ಇನ್ನೊಮ್ಮೆ ಬಿದ್ದರೆ ನಡೆಯುವ ಮಾತೇ ಇಲ್ಲ ಎಂದಿದ್ದಾರೆ ಡಾಕ್ಟರು. ಕೂಗಿ ಹೇಳೋಣವೇ? ಅವರ ಕಿವಿಯ ಯಂತ್ರ ಪಕ್ಕದೂರು ಮಿಸೌರಿ ಸಿಟಿಯ ಮನೆಯಲ್ಲೇ ಉಳಿದಿದೆ. ಅವರು ನಿಮ್ಮ ಮುಖ, ನಿಮ್ಮ ಕೈಗಳನ್ನಷ್ಟೇ ನೋಡುತ್ತಿದ್ದಾರೆ; ಮುಖದಲ್ಲಿ ಗಾಬರಿ ಕಂಡರೂ ಏಳುತ್ತಾರೆ, ಚಪ್ಪಾಳೆ ಕಂಡರೂ ಏಳುತ್ತಾರೆ. ಹಿಂದಿನಿಂದ ಹೋಗಿ ಹಿಡಿಯೋಣವೇ? ಕುರ್ಚಿ ಗೋಡೆಗೆ ಅಂಟಿಕೊಂಡಿದೆ. ಎದುರಿಗೆ ಹೋಗೋಣವೇ? ಪಾರ್ಸೆಲ್ ತಂದವನಿಗೂ ಎದ್ದು ನಿಂತು ಕೈಮುಗಿಯುವ ಮನುಷ್ಯ. "ಕೂತಲ್ಲೇ ಕೈ ಮುಗಿದ್ರೆ ಅದ್ಯಾವ ಮರ್ಯಾದೆನಮ್ಮಾ?" ಎನ್ನುತ್ತಾ ಊಟದ ನಡುವೆ ನನ್ನನ್ನೂ ಎಬ್ಬಿಸುತ್ತಿದ್ದರು. ಆ ಮರ್ಯಾದೆಯ ಮೇಲೆ ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಭಯವಾಗುತ್ತಿದೆ. ಅಮ್ಮ ಹೋದ ಮೇಲೆ ನನಗಿರುವುದು ಅವರೊಬ್ಬರೇ.

ಪುಟ್ಟಸ್ವಾಮಿಯವರೇ, ಹಾರ ಕೆಳಗಿಡಿ, ನಿಮ್ಮನ್ನು ನೋಡಿ ಅವರು ಏಳುತ್ತಾರೆ. ಅಯ್ಯೋ, ಕೈ ಊರಿದರು... ಇಲ್ಲ, ಕನ್ನಡಕ ಸರಿಮಾಡಿಕೊಂಡರು. ನಗಿ, ಎಲ್ಲರೂ ನಗಿ.

ಒಂದೇ ಒಂದು ಸಂದರ್ಭದಲ್ಲಿ ಅಪ್ಪ ಏಳುವುದಿಲ್ಲ: ಮಕ್ಕಳು ಕಾಲಿಗೆ ಬೀಳಲು ಬಂದಾಗ. ಕೂತೇ ಹರಸಬೇಕೆಂಬುದು ಅವರ ಕಟ್ಟುನಿಟ್ಟು. ಆದ್ದರಿಂದ ನಾನು ಇಲ್ಲಿಂದಲೇ ಕೈಜೋಡಿಸಿ, ಬಾಗಿಕೊಂಡೇ ಹೋಗುತ್ತೇನೆ. ನನ್ನ ಹಣೆ ಅವರ ಪಾದದ ಮೇಲಿರುತ್ತದೆ, ಬಲಗೈ ಕೊಕ್ಕೆಯ ಮೇಲೆ. ತಲೆ ಮುಟ್ಟಿ ಹರಸಲು ಅವರು ಬಗ್ಗುವ ಮೊದಲು ಅದು ಬಿಗಿಯಾಗಬೇಕು. ಬಿಗಿಯಾದರೆ ಕೈ ಎತ್ತುತ್ತೇನೆ. ಆಗ ಎಷ್ಟು ಬೇಕಾದರೂ ಚಪ್ಪಾಳೆ ತಟ್ಟಿ. ಎತ್ತದಿದ್ದರೆ, ಶಮಂತ್, ಓಡಿ ಬಾರಪ್ಪ.

ಉಸಿರು ಬಿಗಿಹಿಡಿದು ಕೇಳಿದ ನಿಮಗೆಲ್ಲ ಧನ್ಯವಾದ. ಮೈಕ್ ಕೆಳಗಿಡುತ್ತಿದ್ದೇನೆ.

ಅಪ್ಪಾ, ನಮಸ್ಕಾರ.